ತಾರೀಖು ಹಾಕದ ಕಾಗದ

ಎರಡೇ ಸಾಲು.
ನಮ್ಮ ಮಗ ಮೃಡನ ಹೆಸರನ್ನು ಹಾಜರಿಯಿಂದ ತೆಗೆಯಿರಿ,
ಇನ್ನು ಮನೆಯಲ್ಲೇ ಕಲಿಸುತ್ತೇವೆ.
ಇಷ್ಟು ಸಲೀಸು ಈ ದೇಶದಲ್ಲಿ.
ಗ್ಯಾಸ್ ಕಂಪನಿ ಬದಲಿಸುವಾಗ
ಇದಕ್ಕಿಂತ ಹೆಚ್ಚು ಬರೆದಿದ್ದೆ ನಾನು.

ಹದಿನೇಳು ದಿನದಿಂದ ಅದು ಫ್ರಿಜ್ಜಿನ ಮೇಲೆ,
ಮೀನಿನಾಕಾರದ ಮ್ಯಾಗ್ನೆಟ್ಟಿನ ಕೆಳಗೆ.
(ಗ್ರಿಮ್ಸ್‌ಬಿಯಲ್ಲಿ ಎಲ್ಲಕ್ಕೂ ಮೀನಿನ ಆಕಾರ.)
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದ ಚೆನ್ನವೀರ
ಹಾಲು ತೆಗೆಯುವಾಗ ಓದುತ್ತಾನೆ,
ಹಾಲು ಒಳಗಿಡುವಾಗ ಇನ್ನೊಮ್ಮೆ.
ಏನೂ ಅನ್ನುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಹೊಟ್ಟೆನೋವು.
ಶನಿವಾರ ಬಾರದ, ಭಾನುವಾರ ಬಾರದ ಹೊಟ್ಟೆನೋವು.
ಡಾಕ್ಟರು ಒತ್ತಿ ನೋಡಿ ನಕ್ಕರು.
ತರಗತಿಯ ಗೋಡೆಯಲ್ಲಿ ಒಂದು ಸೂರ್ಯ, ಒಂದು ಮೋಡವಂತೆ,
ಒಬ್ಬೊಬ್ಬರ ಹೆಸರಿಗೂ ಬಟ್ಟೆ ಕ್ಲಿಪ್ಪು.
ಇವನದು ಮೋಡವನ್ನೇ ಕಚ್ಚಿಕೊಂಡಿದೆ;
ಕರೆದಾಗ ಓಗೊಡಲಿಲ್ಲ, ಅದೇ ತಪ್ಪು.
'ನನ್ನ ಕರೀಲೇ ಇಲ್ಲ' ಅನ್ನುತ್ತಾನೆ,
'ಮಿರಿಡಾ ಅಂತ ಯಾರನ್ನೋ ಕರೆದ್ರು.'

ಗದಗಿನಿಂದ ಅತ್ತೆಯ ಫೋನು. ಮೂವತ್ತೆರಡು ವರ್ಷ
ಒಂದನೇ ಇಯತ್ತೆಗೆ ಕಲಿಸಿದವರು.
'ಸಾಲಿ ಬಿಡಸ್ತೀಯೇನವಾ? ನಾ ಮಂದಿ ಮಕ್ಕಳ್ನ
ಕೈ ಹಿಡದು ಎಳಕೊಂಡು ಬಂದು ಸಾಲ್ಯಾಗ ಕುಂದ್ರಿಸೇನಿ.'
ಆಮೇಲೆ ತುಸು ಹೊತ್ತು ಸುಮ್ಮನಿದ್ದು,
'ಹೊಟ್ಟಿ ಭಾಳ ನೋಯತೈತೇನು ಕೂಸಿಗೆ?'

ಅಕ್ಟೋಬರಿನ ವಾರದ ರಜೆಯಲ್ಲಿ, ಯಾರಿಗೂ ಹೇಳದೆ,
ಅಡುಗೆಮನೆಯಲ್ಲಿ ಶಾಲೆ ತೆರೆದೆ.
ಮೊದಲ ದಿನ ಬೇಳೆ ಎಣಿಸಿದೆವು, ಎಣಿಸಿದ್ದನ್ನು ಸಾರು ಮಾಡಿ ಉಂಡೆವು.
ಮಾರನೆಯ ದಿನ ಅ ಬರೆದ, ಆ ಬರೆದ,
ಇ ಬರೆಯುವಾಗ ನಾಲ್ಕು ವರ್ಷದ ನೀಲ
ಹಾಳೆಯ ಮೇಲೆ ಬಂದು ಕೂತಳು.
ಅದೂ ಪಾಠವೇ ಅಂದುಕೊಂಡೆ.
ಮೂರನೆಯ ದಿನ: ಹದಿಮೂರರಲ್ಲಿ ಏಳು ಕಳೆದರೆ?
ಕಿಟಕಿ ನೋಡಿದ. ಮತ್ತೆ ಕೇಳಿದೆ.
ಚಿಮಣಿಯ ಮೇಲಿನ ಕಡಲಹಕ್ಕಿ ನೋಡಿದ.
ಮೂರನೆಯ ಸಲ ಕೇಳಿದ ದನಿ ನನ್ನದೇ ಎಂದು
ಪಕ್ಕದ ಮನೆ ನಾಯಿ ಬೊಗಳಿದ ಮೇಲೆ ಗೊತ್ತಾಯಿತು.

ನಾಲ್ಕನೆಯ ಬೆಳಿಗ್ಗೆ ಪರದೆಯ ಅಂಚಿನಲ್ಲಿ
ಒಂದು ಮೋಡ, ಸೀರಿಯಲ್ ಡಬ್ಬಿ ಕತ್ತರಿಸಿ ಮಾಡಿದ್ದು.
ಮೋಡಕ್ಕೆ ಕ್ಲಿಪ್ಪು. ಕ್ಲಿಪ್ಪಿನಲ್ಲಿ ಚೀಟಿ.
ಚೀಟಿಯಲ್ಲಿ
ಅಮ್ಮ.
ಒತ್ತಕ್ಷರ ನಾನು ಕಲಿಸಿರಲೇ ಇಲ್ಲ.
ಒಂದು ಇಡೀ ಮ, ಅದರ ಕೆಳಗೆ
ಇನ್ನೊಂದು ಇಡೀ ಮ, ಬೀಳದ ಹಾಗೆ ಜೋಡಿಸಿದ್ದ.

ಸಂಜೆಯವರೆಗೂ ತೆಗೆಯಲಿಲ್ಲ ಅದನ್ನು.
ಕುಕ್ಕರ್ ಕೂಗಿದಾಗಲೆಲ್ಲ ತಲೆಯೆತ್ತಿ ನೋಡಿದೆ.
ಯಾವುದರಿಂದ ಬಿಡಿಸಿ ತರುತ್ತೇನೆ ಅಂದಿದ್ದೆನೋ
ಅದು ನನಗಿಂತ ಮೊದಲು ಮನೆ ಸೇರಿ
ಮಣೆ ಹಾಕಿಕೊಂಡು ಕೂತಿತ್ತು.

ಶುಕ್ರವಾರ ಬಸ್ಸು ಹಿಡಿದು ಕ್ಲೀತಾರ್ಪ್ಸ್‌ಗೆ ಹೋದೆವು.
ಕಡಲು ಎಲ್ಲೋ ದೂರಕ್ಕೆ ಸರಿದು ಬರೀ ಕೆಸರು ಬಿಟ್ಟಿತ್ತು.
ದಂಡೆಯ ಹಾದಿಗೆ ಅಡ್ಡ ಒಂದು ಉಕ್ಕಿನ ಪಟ್ಟಿ:
ಈಚೆ ಪಶ್ಚಿಮ, ಆಚೆ ಪೂರ್ವ, ಭೂಮಿಯ ಸೊನ್ನೆ ಗೆರೆ.
ಪಾಠ ಹೇಳಲು ಬಾಯಿ ತೆರೆದವಳು ಮುಚ್ಚಿದೆ.
ಇಬ್ಬರೂ ಆಗಲೇ ಕುಂಟುತ್ತಿದ್ದರು,
ಬಿಲ್ಲೆಗೆ ಒಂದು ಕಪ್ಪೆಚಿಪ್ಪು.
'ಗೆರೆ ತುಳಿದ್ರೆ ಔಟು' ಅಂದ ಮೃಡ.
ನೀಲ ತುಳಿದೇ ನಿಂತಳು, ಎರಡೂ ಕಾಲಲ್ಲಿ.
'ನಾನು ಇಲ್ಲೇ ಇರೋದು.'
ಅವನು ಯೋಚಿಸಿದ, ನ್ಯಾಯಾಧೀಶನ ಹಾಗೆ.
'ಸರಿ. ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ.'
ನಾನು ಯಾವಾಗಲೋ ಆಡಿದ ಮಾತು,
ಅವನ ಬಾಯಲ್ಲಿ ಹೊಸದಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ, ಯಾರೂ ಕೇಳದೆ,
'ಆರು' ಅಂದ.
ಯಾವ ಆರು?
'ಅದೇ. ಹದಿಮೂರರಲ್ಲಿ ಏಳು.'
ಮತ್ತೆ ಕಿಟಕಿಗೆ ಮೂಗು ಒತ್ತಿದ.

ಇವತ್ತು ಭಾನುವಾರ ರಾತ್ರಿ.
ಪಾಳಿಗೆ ಹೊರಟ ಚೆನ್ನವೀರ ಮೋಡವನ್ನು ತಿರುವಿ ನೋಡುತ್ತಾನೆ:
ಹಿಂಬದಿಯಲ್ಲಿ ಅರ್ಧ ಕೋಳಿಯ ಚಿತ್ರ.
'ನಾಳೆ?' ಅನ್ನುತ್ತಾನೆ ಬಾಗಿಲಲ್ಲಿ.
ಗೊತ್ತಿಲ್ಲ ಅನ್ನುತ್ತೇನೆ.
ಅವನು ಹೋದ ಮೇಲೆ ಮೀನನ್ನು ಸರಿಸಿ
ಕಾಗದದ ಹಿಂಬದಿಗೆ, ನನಗೆಂದೇ, ಕನ್ನಡದಲ್ಲಿ ಬರೆದೆ:
ಕೇಳಿದ್ದನ್ನೇ ಮೂರು ಸಲ ಕೇಳಬಾರದು.
ಮುಂಬದಿಯಲ್ಲಿ ತಾರೀಖಿನ ಜಾಗ
ಹಾಗೇ ಬೆಳ್ಳಗಿದೆ.